ಗಾಳಿ, ಮಳೆ, ಬಿಸಿಲು ಮೂರೂ ಪಡುವಣದಿಂದ: ಕರಾವಳಿ ಮನೆಯ ಸೆಕೆ ಇಳಿಸುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್‌ನಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಮಂಗಳೂರಿನದು 33-34ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೂ ಅಂಗಿ ಮೈಗೆ ಅಂಟುವುದು, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಹೊರಳಾಡುವುದು ಮಂಗಳೂರಿನಲ್ಲಿ. ಕಾರಣ ಗಾಳಿಯ ತೇವ. ಮೈ ತಣಿಯಬೇಕಾದರೆ ಬೆವರು ಆರಬೇಕು. ಗಾಳಿಯಲ್ಲಿ ಆಗಲೇ ನೀರಿನಂಶ ತುಂಬಿದ್ದರೆ ಬೆವರು ಆರುವುದಿಲ್ಲ, ಸುರಿಯುತ್ತದೆ.

ಇನ್ನೊಂದು ತೊಡಕು ರಾತ್ರಿಯದು. ಬಯಲುಸೀಮೆಯಲ್ಲಿ ರಾತ್ರಿ ಚೆನ್ನಾಗಿ ತಣಿಯುವುದರಿಂದ, ದಪ್ಪ ಗೋಡೆ ಹಗಲಿಡೀ ಹೀರಿದ ಬಿಸಿಯನ್ನು ಬೆಳಗಾಗುವುದರೊಳಗೆ ಬಿಟ್ಟುಬಿಡುತ್ತದೆ. ಕರಾವಳಿಯಲ್ಲಿ ಏಪ್ರಿಲ್-ಮೇ ರಾತ್ರಿಯೂ 25-26 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಹಾಗಾಗಿ ಇಲ್ಲಿ ಗೋಡೆ ದಪ್ಪ ಮಾಡಿದ ಮಾತ್ರಕ್ಕೆ ಮನೆ ತಂಪಾಗುವುದಿಲ್ಲ. ನೀರು ತುಂಬುವ ಕೂಲರ್ ಕೂಡ ಇಲ್ಲಿಗೆ ಹೇಳಿದ್ದಲ್ಲ. 33 ಡಿಗ್ರಿ, ಶೇ 70 ತೇವ ಇರುವ ಗಾಳಿಯನ್ನು ಅದು ಎಷ್ಟೇ ಒದ್ದೆ ಮಾಡಿದರೂ 28ರ ಕೆಳಗೆ ಇಳಿಸಲಾರದು. ಇಳಿಸಿದಷ್ಟಕ್ಕೂ ಕೋಣೆಯ ತೇವ ಏರಿರುತ್ತದೆ. ರಾಯಚೂರಿನ ನೆಂಟರ ಮನೆಯಲ್ಲಿ ಚೆನ್ನಾಗಿತ್ತು ಎಂದು ಉಡುಪಿಗೆ ಕೂಲರ್ ತಂದವರು ಮರುವರ್ಷ ಅದನ್ನು ಅಟ್ಟಕ್ಕೆ ಏರಿಸಿರುತ್ತಾರೆ.

ಹಾಗಾದರೆ ನಮ್ಮ ಕೈಯಲ್ಲಿರುವುದು ಏನು? ಮೇಲಿನ ಸ್ಲ್ಯಾಬ್ ಮತ್ತು ಗೋಡೆ ಬಿಸಿಯಾಗದಂತೆ ತಡೆಯುವುದು, ಮೈ ಮೇಲೆ ಗಾಳಿ ಹರಿಸುವುದು, ಒಳಗೆ ಹೊಸದಾಗಿ ತೇವ ಹುಟ್ಟದಂತೆ ನೋಡಿಕೊಳ್ಳುವುದು. ಕೇಳಲು ಸರಳ. ಆದರೆ ಕಾರವಾರದಿಂದ ಮಂಗಳೂರಿನವರೆಗಿನ ಈ ಪಟ್ಟಿಯಲ್ಲಿ ಒಂದು ಇಕ್ಕಟ್ಟಿದೆ. ಮಧ್ಯಾಹ್ನದ ಕಡಲ ಗಾಳಿ ಬರುವುದು ಪಡುವಣದಿಂದ. ಸಂಜೆಯ ಸುಡುಬಿಸಿಲು ಬೀಳುವುದೂ ಪಡುವಣದಿಂದ. ಜೂನ್ ಬಂತೆಂದರೆ ಮಳೆಯ ಇರಚಲು ಹೊಡೆಯುವುದೂ ಅದೇ ಕಡೆಯಿಂದ. ಬಿಸಿಲಿಗೆ, ಮಳೆಗೆ ಹೆದರಿ ಪಡುವಣವನ್ನು ಮುಚ್ಚಿದರೆ ಗಾಳಿ ಹೋಯಿತು. ಗಾಳಿಗೆಂದು ತೆರೆದರೆ ಉಳಿದೆರಡು ಒಳಗೆ ಬಂದವು. ಹಳೆಯ ಮನೆಗಳು ಇದಕ್ಕೆ ಕಂಡುಕೊಂಡ ಉತ್ತರ ಜಗಲಿ, ಇಳಿಜಾರಾದ ಸೂರು ಮತ್ತು ಮರದ ದಳಿ (ಸಂದು ಬಿಟ್ಟು ಬಡಿದ ಪಟ್ಟಿಗಳ ತಡೆ). ಈಗಿನ ಕಾಂಕ್ರೀಟ್ ಮನೆಯಲ್ಲಿ ಅದೇ ಕೆಲಸವನ್ನು ಬೇರೆ ಸಾಮಗ್ರಿಯಿಂದ ಮಾಡಬೇಕು. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೇಲಿನ ಸ್ಲ್ಯಾಬನ್ನು ಕಾಯಲು ಬಿಟ್ಟು ಎಸಿ ಕೊಳ್ಳುವುದು ದುಡ್ಡು ಹೋಗುವ ದಾರಿ.

ಹಂತ 1: ಬಿಸಿ ಎಲ್ಲಿಂದ ಬರುತ್ತಿದೆ ಎಂದು ಅಳೆಯಿರಿ

ಮಾರ್ಚ್ ಅಥವಾ ಏಪ್ರಿಲ್‌ನ ಒಂದು ಬಿಸಿಲ ದಿನ ಸಾಕು. ಗುರಿ ಹಿಡಿದು ಒತ್ತಿದರೆ ಮೇಲ್ಮೈಯ ಬಿಸಿ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ತನ್ನಿ ಅಥವಾ ಎರವಲು ಪಡೆಯಿರಿ. ಮೈಜ್ವರ ನೋಡುವುದಲ್ಲ, ವಸ್ತುಗಳ ಬಿಸಿ ಅಳೆಯುವುದು. ಮಧ್ಯಾಹ್ನ 1, ಸಂಜೆ 5, ರಾತ್ರಿ 9 ಗಂಟೆಗೆ ಪ್ರತಿ ಕೋಣೆಯ ಸ್ಲ್ಯಾಬಿನ ಅಡಿಭಾಗ, ನಾಲ್ಕು ಗೋಡೆಗಳ ಒಳಮೈ, ಕಿಟಕಿ ಗಾಜು ಇವುಗಳ ಬಿಸಿ ಬರೆದುಕೊಳ್ಳಿ. ಜತೆಗೆ ಗೋಡೆಗೆ ತಾಗದಂತೆ ನೇತುಹಾಕಿದ ಸಾಮಾನ್ಯ ಥರ್ಮಾಮೀಟರ್‌ನಿಂದ ಕೋಣೆಯ ಗಾಳಿಯ ಉಷ್ಣಾಂಶ.

ಸಂಜೆ 5ಕ್ಕೆ ಸ್ಲ್ಯಾಬಿನ ಅಡಿಭಾಗ ಗಾಳಿಗಿಂತ ಮೂರು-ನಾಲ್ಕು ಡಿಗ್ರಿ ಹೆಚ್ಚಿದ್ದರೆ ಮೊದಲ ದುಡ್ಡು ತಾರಸಿಗೆ ಹೋಗಬೇಕು. ಪಡುವಣ ಗೋಡೆ ಬಿಸಿ ಇದ್ದು ಸ್ಲ್ಯಾಬ್ ತಣ್ಣಗಿದ್ದರೆ (ಮೇಲೆ ಇನ್ನೊಂದು ಮಹಡಿ ಇರುವ ಮನೆಗಳಲ್ಲಿ ಹೀಗಾಗುತ್ತದೆ) ನೇರವಾಗಿ ಹಂತ 3ಕ್ಕೆ ಹೋಗಿ. ಎಲ್ಲವೂ ಗಾಳಿಯಷ್ಟೇ ಬಿಸಿ ಇದ್ದು, ಆದರೂ ಉಸಿರುಕಟ್ಟಿದಂತಿದ್ದರೆ ತೊಂದರೆ ಗಾಳಿಯದು, ಹಂತ 4.

ಗಾಳಿ ನೋಡಲು ಊದುಬತ್ತಿ ಸಾಕು. ಮಧ್ಯಾಹ್ನ ಮೂರರ ಹೊತ್ತಿಗೆ ಫ್ಯಾನ್ ಆರಿಸಿ, ಕಿಟಕಿ ಬಾಗಿಲು ತೆರೆದು, ಮಂಚದ ಎತ್ತರದಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೇರಿದರೆ ಆ ಕೋಣೆಗೆ ಗಾಳಿಯ ದಾರಿ ಇಲ್ಲ. ಓರೆಯಾಗಿ ಓಡಿದರೆ ಅದು ಎಲ್ಲಿಗೆ ಓಡುತ್ತಿದೆ, ಎಲ್ಲಿ ತಡೆಯುತ್ತಿದೆ ಎಂದು ಹಿಂಬಾಲಿಸಿ. ಮುಚ್ಚಿದ ಒಂದು ಒಳಬಾಗಿಲು ಇಡೀ ಮನೆಯ ಗಾಳಿಯನ್ನು ಕಟ್ಟಿಹಾಕಿರುವುದು ಹೆಚ್ಚಾಗಿ ಇಲ್ಲೇ ಗೊತ್ತಾಗುತ್ತದೆ.

ಹಂತ 2: ತಾರಸಿ

ಮಂಗಳೂರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಮಾರ್ಚ್‌ನಿಂದ ಮೇವರೆಗೆ ಗೋಡೆಗಳೆಲ್ಲ ಸೇರಿ ಹೀರುವುದಕ್ಕಿಂತ ಹೆಚ್ಚು ಬಿಸಿಲನ್ನು ಒಂದು ಅಂತಸ್ತಿನ ಮನೆಯ ತಾರಸಿಯೊಂದೇ ಹೀರುತ್ತದೆ. ಪಾಚಿ ಹಿಡಿದು ಒಣಗಿ ಕಪ್ಪಾದ ತಾರಸಿಯ ಮೇಲ್ಮೈ ಮಧ್ಯಾಹ್ನ 55 ಡಿಗ್ರಿ ದಾಟುವುದು ಸಾಮಾನ್ಯ. 5 ಇಂಚಿನ ಸ್ಲ್ಯಾಬ್ ಆ ಬಿಸಿಯನ್ನು ಮೂರು-ನಾಲ್ಕು ಗಂಟೆ ತಡಮಾಡಿ ಕೆಳಗೆ ಇಳಿಸುತ್ತದೆ. ಹೊರಗೆ ತಣ್ಣಗಾದ ಮೇಲೂ ಒಳಗೆ ತಲೆ ಮೇಲೆ ಕಾದ ಕಾವಲಿ ಇಟ್ಟಂತಾಗುವುದು ಇದರಿಂದಲೇ. ಫ್ಯಾನ್ ಹಾಕಿದರೆ ಬಿಸಿಗಾಳಿ ಬರುತ್ತದೆ ಎಂಬ ದೂರಿನ ಮೂಲವೂ ಫ್ಯಾನಲ್ಲ, ಸ್ಲ್ಯಾಬು.

ಇದಕ್ಕೆ ಮೂರು ದಾರಿಗಳಿವೆ.

*ಬಿಳಿ ಬಣ್ಣ.* ಎಲ್ಲಕ್ಕಿಂತ ಅಗ್ಗ, ಎರಡು-ಮೂರು ದಿನದ ಕೆಲಸ. ಮಾಡಬೇಕಾದ ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಮೇ ತಿಂಗಳಲ್ಲಿ ಮಾಡಿಸಿದರೆ ಬೇಸಗೆ ಮುಗಿದಿರುತ್ತದೆ, ಮಳೆ ಎದುರಿಗಿರುತ್ತದೆ.

ಮೊದಲು ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ, ಗುಂಡಿಗಳನ್ನು ಗಾರೆಯಿಂದ ಸಮ ಮಾಡಿ, ಇಳಿಜಾರು ಪೈಪಿನ ಕಡೆಗೆ ಇರಲಿ. ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಬ್ಲೀಚಿಂಗ್ ಪೌಡರ್ ಕರಗಿಸಿದ ನೀರು ಹಾಕಿ ಅರ್ಧ ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ. ಆ ನೀರು ಬಾವಿಗೆ, ಗಿಡಕ್ಕೆ ಹೋಗದಿರಲಿ. ಎರಡು ದಿನ ಒಣಗಲು ಬಿಡಿ. ಬಿರುಕುಗಳನ್ನು ಕ್ರ್ಯಾಕ್ ಫಿಲ್ಲರ್‌ನಿಂದ ತುಂಬಿ. ಆಮೇಲೆ ಪ್ರೈಮರ್, ಅದರ ಮೇಲೆ ತಾರಸಿಗೆಂದೇ ಮಾಡಿದ, ಹಿಗ್ಗಿ ಕುಗ್ಗುವ ಗುಣದ ಬಿಳಿ ಕೂಲ್ ರೂಫ್ ಬಣ್ಣ ಎರಡು ಕೋಟ್. ಮೊದಲ ಕೋಟ್ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಬೆಳಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ಹಚ್ಚಿ. ಕಾದ ಕಾಂಕ್ರೀಟಿನ ಮೇಲೆ ಹಚ್ಚಿದ ಬಣ್ಣ ಹಿಡಿಯುವ ಮೊದಲೇ ಒಣಗಿ ಚಕ್ಕೆ ಏಳುತ್ತದೆ. ಪ್ಯಾಸೇಜಿಗೆ ಬಳಿಯುವ ಸಾಧಾರಣ ಡಿಸ್ಟೆಂಪರ್ ಇಲ್ಲಿ ಒಂದು ಮಳೆಗಾಲವನ್ನೂ ತಡೆಯದು. ಸುಣ್ಣ ಬಳಿಯುವ ಪದ್ಧತಿ ಒಳ್ಳೆಯದೇ, ಬಿಸಿಲನ್ನು ಚೆನ್ನಾಗಿ ಹಿಂದಕ್ಕೆ ಎಸೆಯುತ್ತದೆ. ಆದರೆ ಕರಾವಳಿಯ ಮಳೆಗೆ ಅದು ಪ್ರತಿ ವರ್ಷ ತೊಳೆದುಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು.

ಇಲ್ಲಿ ಕೆಡುವುದು ಬಣ್ಣಕ್ಕಿಂತ ಬಿಳುಪು. ಮಳೆಗಾಲ ಮುಗಿಯುವಾಗ ಪಾಚಿ ಮತ್ತೆ ಕಪ್ಪು ಮಾಡಿರುತ್ತದೆ, ಲಾಭ ಅರ್ಧಕ್ಕಿಳಿದಿರುತ್ತದೆ. ನವೆಂಬರ್‌ನಲ್ಲಿ ಒಮ್ಮೆ ಉಜ್ಜಿ ತೊಳೆಯುವುದನ್ನು ಖರ್ಚಿನ ಲೆಕ್ಕದಲ್ಲೇ ಸೇರಿಸಿಕೊಳ್ಳಿ. ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಗಾರೆಯಲ್ಲಿ ಕೂರಿಸುವ ಚೈನಾ ಮೊಸಾಯಿಕ್ ಹೆಚ್ಚು ಕಾಲ ಬಾಳುತ್ತದೆ, ತೊಳೆಯಲು ಸುಲಭ. ಆದರೆ ಮಳೆಗಾಲದಲ್ಲಿ ಕಾಲು ಜಾರುತ್ತದೆ, ಹೊರೆಯೂ ಹೆಚ್ಚು.

*ಮೇಲೊಂದು ಮಾಡು.* ದಕ್ಷಿಣ ಕನ್ನಡ, ಉಡುಪಿಯಲ್ಲಿ ತಾರಸಿಯ ಮೇಲೆ ಶೀಟ್ ಹಾಕದ ಮನೆ ಕಡಿಮೆ. ಸೋರಿಕೆ ನಿಲ್ಲಲಿ, ಅಡಿಕೆ, ಬಟ್ಟೆ ಒಣಗಲಿ ಎಂದು ಹಾಕುತ್ತಾರೆ. ಸರಿಯಾಗಿ ಹಾಕಿದರೆ ಸೆಕೆಗೂ ಇದೇ ಅತ್ಯುತ್ತಮ ಮದ್ದು. ತಪ್ಪಾಗುವುದು ನಾಲ್ಕು ಕಡೆ. ಒಂದು, ಎತ್ತರ: ತಗ್ಗಿನ ಅಂಚಿನಲ್ಲೂ ಮೂರು ಅಡಿಗೆ ಕಡಿಮೆಯಾಗದಿರಲಿ, ಓಡಾಡಬೇಕಿದ್ದರೆ ಏಳು ಅಡಿ. ಎರಡು, ನಾಲ್ಕೂ ಬದಿ ಮುಚ್ಚುವುದು: ಮಳೆ ಇರಚಲಿಗೆ ಹೆದರಿ ಸುತ್ತ ಶೀಟ್ ಬಡಿದರೆ ಒಳಗೆ ಬಿಸಿಗಾಳಿ ಸಿಕ್ಕಿಕೊಂಡು ಸ್ಲ್ಯಾಬನ್ನು ಮತ್ತೆ ಕಾಯಿಸುತ್ತದೆ. ಪಡುವಣ ಬದಿಗೆ ಓರೆ ಪಟ್ಟಿ ಅಥವಾ ಶೇಡ್‌ನೆಟ್ ಹಾಕಿ, ಮೂಡಣ ಬದಿ ಪೂರ್ತಿ ತೆರೆದಿರಲಿ. ಮೂರು, ಬಣ್ಣ: ಇಟ್ಟಿಗೆ ಕೆಂಪು, ಕಡು ಹಸಿರು, ನೀಲಿ ಚೆಂದ ಕಾಣಬಹುದು, ತಿಳಿ ಬಣ್ಣ ಆರಿಸಿ. ಅಡಿಭಾಗಕ್ಕೆ ಬಣ್ಣವಿಲ್ಲದ, ಹೊಳೆಯುವ ಅಲ್ಯೂಮಿನಿಯಂ-ಸತು ಲೇಪವಿದ್ದರೆ ಅದು ಕೆಳಕ್ಕೆ ಸೂಸುವ ಬಿಸಿ ಕಡಿಮೆ. ಅಷ್ಟೇ ಅಲ್ಲ, ಬರೀ ಸತು ಲೇಪದ ಶೀಟಿಗಿಂತ ಉಪ್ಪುಗಾಳಿಯಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ನಾಲ್ಕು, ಬಿಗಿ: ಗಾಳಿ ಮೊದಲು ಎತ್ತುವುದು ಅಂಚು ಮತ್ತು ಮೂಲೆಗಳನ್ನು. ಅಲ್ಲಿ ರಬ್ಬರ್ ವಾಷರ್ ಇರುವ ಸ್ಕ್ರೂಗಳನ್ನು ನಡುಭಾಗಕ್ಕಿಂತ ಎರಡರಷ್ಟು ಒತ್ತಾಗಿ ಹಾಕಿಸಿ. ಕೆಲಸ ಶುರು ಮಾಡುವ ಮೊದಲು ಪಂಚಾಯತ್ ಅಥವಾ ಪಾಲಿಕೆಯ ಅನುಮತಿ ವಿಚಾರಿಸಿ.

ಸೋಲಾರ್ ಫಲಕವೂ ನೆರಳೇ. 1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಬೇಕು. ಹಾಗಾಗಿ 3 ಕಿಲೋವ್ಯಾಟ್ ಹಾಕಿಸುವವರು ಅದನ್ನು ಮಲಗುವ ಕೋಣೆಯ ನೇರ ಮೇಲೆ ಬರುವಂತೆ, ಕೆಳಗೆ ಗಾಳಿ ಓಡಾಡುವಂತೆ ಎತ್ತರಿಸಿ ಕೂರಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಈ ಗಾತ್ರಕ್ಕೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಲಾಗಿದೆ.

ಹಂಚಿನ ಮಾಡಿನ ಬಗ್ಗೆ ಒಂದು ಮಾತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಊರಿನ ಹೆಸರು ಹಂಚಿಗೇ ಅಂಟಿಕೊಂಡಿತು. ಹಂಚು ತಂಪು ಎನ್ನುವುದು ಅರ್ಧ ಸತ್ಯ. ತೆಳ್ಳಗಿರುವುದರಿಂದ ನಡುಮಧ್ಯಾಹ್ನ ಹಂಚಿನ ಅಡಿಭಾಗ ಸ್ಲ್ಯಾಬಿಗಿಂತ ಹೆಚ್ಚು ಕಾಯುತ್ತದೆ. ಆದರೆ ಸಂದುಗಳಿಂದ ಬಿಸಿಗಾಳಿ ಸೋರಿಹೋಗುತ್ತದೆ, ಸೂರ್ಯ ಇಳಿದ ಸ್ವಲ್ಪ ಹೊತ್ತಿನಲ್ಲೇ ಹಂಚು ತಣಿಯುತ್ತದೆ. ಹಾಗಾಗಿ ರಾತ್ರಿ ಮಲಗುವ ಕೋಣೆಗೆ ಹಂಚು ಬಲು ಒಳ್ಳೆಯದು. ಹಗಲು ಕೂರುವ ಕೋಣೆಗಾದರೆ ಹಂಚಿನ ಕೆಳಗೆ ಸೀಲಿಂಗ್ ಹಂಚು ಅಥವಾ ಹಲಗೆಯ ಮುಚ್ಚಿಗೆ ಬೇಕು, ನಡುವೆ ಗಾಳಿ ಹೋಗಬೇಕು. ಮಾಡಿನ ಇಳಿಜಾರು ಎರಡಡಿಗೆ ಒಂದಡಿಗಿಂತ ಕಡಿಮೆಯಾದರೆ ನಮ್ಮ ಮಳೆಗೆ ನೀರು ಹಿಮ್ಮುಖವಾಗಿ ನುಗ್ಗುತ್ತದೆ. ರೀಪಿನ (ಹಂಚು ಕೂರುವ ಅಡ್ಡಪಟ್ಟಿ) ಅಂತರವನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿ; ತಂದ ಹಂಚಿನಲ್ಲೇ ನಾಲ್ಕನ್ನು ನೆಲದ ಮೇಲೆ ಜೋಡಿಸಿ ಅಳೆಯಿರಿ, ಕಾರ್ಖಾನೆಯಿಂದ ಕಾರ್ಖಾನೆಗೆ ವ್ಯತ್ಯಾಸ ಬರುತ್ತದೆ.

ಈಗಿನ ಫ್ಯಾಷನ್ ಇಳಿಜಾರು ಸ್ಲ್ಯಾಬ್ ಹಾಕಿ ಅದರ ಮೇಲೆ ಸಿಮೆಂಟಿನಿಂದ ಹಂಚು ಅಂಟಿಸುವುದು. ನೋಟ ಹಂಚಿನ ಮನೆಯದು, ಸೆಕೆ ಕಾಂಕ್ರೀಟ್ ಮನೆಯದು. ಹಂಚನ್ನು ತಂಪಾಗಿಸುತ್ತಿದ್ದುದು ಅದರ ಅಡಿಯ ಗಾಳಿ. ಗಾರೆ ತುಂಬಿದ ಮೇಲೆ ಅದೆಲ್ಲಿ? ಇಂಥ ಮನೆ ಕಟ್ಟಿಸುತ್ತಿದ್ದರೆ ಸ್ಲ್ಯಾಬಿನ ಮೇಲೆ ಇಳಿಜಾರಿನ ಉದ್ದಕ್ಕೆ ಮೊದಲು ಪಟ್ಟಿ, ಅದರ ಮೇಲೆ ಅಡ್ಡಕ್ಕೆ ರೀಪು, ಅದರ ಮೇಲೆ ಹಂಚು ಎಂದು ಮೇಸ್ತ್ರಿಗೆ ಮೊದಲೇ ಹೇಳಿ. ಒಂದೂವರೆ-ಎರಡು ಇಂಚಿನ ಗಾಳಿಸಂದು ಸೂರಿನಲ್ಲೂ ತುದಿಯಲ್ಲೂ ತೆರೆದಿರಬೇಕು, ಇಲಿ ನುಗ್ಗದಂತೆ ಜಾಲರಿ ಇರಬೇಕು.

*ಶಾಖನಿರೋಧಕ ಪದರ.* ತಾರಸಿಯನ್ನು ತೆರೆದೇ ಇಟ್ಟು ಬಳಸಬೇಕೆನ್ನುವವರಿಗೆ ಇದು. ಕೆಳಗಿನಿಂದ ಮೇಲೆ ಕ್ರಮ ಹೀಗೆ: ಸ್ಲ್ಯಾಬ್, ಇಳಿಜಾರಿನ ಗಾರೆ, ವಾಟರ್‌ಪ್ರೂಫಿಂಗ್, 40-50 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ (ನೀರು ಹೀರದ ಒತ್ತಾದ ನೊರೆಪ್ಲಾಸ್ಟಿಕ್) ಹಲಗೆ, ನೀರು ಹಾದುಹೋಗುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮೇಲೆ ಜಾಲರಿ ಹಾಕಿದ ಕಾಂಕ್ರೀಟ್ ಪದರ ಅಥವಾ ತಿಳಿ ಬಣ್ಣದ ಟೈಲ್ಸ್. ಪ್ಯಾಕಿಂಗಿಗೆ ಬರುವ ಬಿಳಿ ಥರ್ಮೊಕೋಲ್ ನೀರು ಹೀರುತ್ತದೆ, ಇಲ್ಲಿಗೆ ಬೇಡ. ಇದೇ ಪದರವನ್ನು ಒಳಗಿನಿಂದ ಫಾಲ್ಸ್ ಸೀಲಿಂಗ್ ಆಗಿ ಹಾಕಿದರೆ ಕೋಣೆಗೆ ಲಾಭವಾದರೂ ಸ್ಲ್ಯಾಬ್ ಕಾಯುತ್ತಲೇ ಇರುತ್ತದೆ, ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಮೇಲೆ ಸೋರಿದರೆ ತಿಂಗಳುಗಟ್ಟಲೆ ಗೊತ್ತೂ ಆಗುವುದಿಲ್ಲ. ಹಾಕಲೇಬೇಕಿದ್ದರೆ ಜಿಪ್ಸಮ್ ಬೇಡ, ತೇವಕ್ಕೆ ಊದಿಕೊಳ್ಳುತ್ತದೆ. ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಇರಲಿ.

ತಾರಸಿ ತೋಟದಿಂದ ತಂಪು ಮಾಡುತ್ತೇವೆ ಎನ್ನುವವರು ಹೊರೆಯ ಲೆಕ್ಕ ನೋಡಿ. ಓಡಾಡುವ ತಾರಸಿಗೆ ಎಂಜಿನಿಯರ್‌ಗಳು ಲೆಕ್ಕ ಹಿಡಿಯುವ ಬಳಕೆಯ ಹೊರೆ ಚದರ ಮೀಟರಿಗೆ ಸುಮಾರು 150 ಕೆಜಿ. ಆರು ಇಂಚು ಒದ್ದೆ ಮಣ್ಣು ಹರಡಿದರೆ ಅದೊಂದೇ 250 ಕೆಜಿ. ಚೀಲದ ಗಿಡಗಳನ್ನು ತೊಲೆ ಮತ್ತು ಗೋಡೆಗಳ ಮೇಲೆ ಬರುವಂತೆ ಸಾಲಾಗಿ ಇಡಿ, ಮಣ್ಣಿಗೆ ಅರ್ಧದಷ್ಟು ತೆಂಗಿನ ನಾರಿನ ಪುಡಿ ಬೆರೆಸಿ.

ಹಂತ 3: ಪಡುವಣ ಗೋಡೆ

ತೆಂಕು ಕಿಟಕಿಗೆ ಎರಡಡಿ ಸಜ್ಜ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಧಾರಾಳ ಸಾಕು. ಪಡುವಣಕ್ಕೆ ಆ ಲೆಕ್ಕ ನಡೆಯದು. ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ದಿಗಂತದಿಂದ ಸುಮಾರು 31 ಡಿಗ್ರಿ ಮೇಲಿರುತ್ತಾನೆ. ಆಗ ನಾಲ್ಕಡಿ ಎತ್ತರದ ಕಿಟಕಿಗೆ ಪೂರ್ತಿ ನೆರಳು ಬೀಳಬೇಕಾದರೆ ಆರೂವರೆ ಅಡಿ ಸಜ್ಜ ಬೇಕು. ಅಂದರೆ ಅದು ಸಜ್ಜವಲ್ಲ, ಜಗಲಿ. ಜಾಗ ಇದ್ದವರು ಪಡುವಣಕ್ಕೆ ಆರರಿಂದ ಎಂಟಡಿ ಸಿಟೌಟ್ ಮಾಡಿ ಅದರ ಸೂರನ್ನು ಏಳಡಿಯವರೆಗೆ ಇಳಿಸಿಬಿಡಿ. ಬಿಸಿಲು, ಇರಚಲು ಎರಡೂ ಅಲ್ಲೇ ನಿಲ್ಲುತ್ತವೆ, ಗಾಳಿ ಒಳಗೆ ಬರುತ್ತದೆ.

ಜಾಗ ಇಲ್ಲದವರಿಗೆ ಕಿಟಕಿಯ ಹೊರಗೆ ಅಡ್ಡ ತಡೆ. ಅಡಿಕೆ ದಬ್ಬೆ ಅಥವಾ ಬಿದಿರ ಸಲಾಕೆಗಳನ್ನು ಒಂದೂವರೆ ಇಂಚು ಅಗಲಕ್ಕೆ ಸೀಳಿ, ಒಂದಿಂಚು ಸಂದು ಬಿಟ್ಟು, ಹೊರಮುಖ ಕೆಳಗೆ ವಾಲುವಂತೆ ಚೌಕಟ್ಟಿಗೆ ಬಿಗಿಯಿರಿ. ಚೌಕಟ್ಟು ಗೋಡೆಯಿಂದ ಅರ್ಧ ಅಡಿಯಾದರೂ ದೂರವಿರಲಿ, ಕೊಕ್ಕೆಯ ಮೇಲೆ ತೂಗಿದ್ದರೆ ಬಿಚ್ಚಿ ತೊಳೆಯಬಹುದು. ಕಡಲ ಹತ್ತಿರದವರು ಕಬ್ಬಿಣದ ಮೊಳೆ ಬಿಟ್ಟು ಸ್ಟೇನ್‌ಲೆಸ್ ಸ್ಕ್ರೂ ಬಳಸಿ. ಬಿದಿರನ್ನು ಮೊದಲು ಬೋರಾಕ್ಸ್-ಬೋರಿಕ್ ದ್ರಾವಣದಲ್ಲಿ ನೆನೆಸದಿದ್ದರೆ ಎರಡನೇ ವರ್ಷಕ್ಕೆ ಹುಳ ಹಿಡಿದು ಪುಡಿ ಉದುರುತ್ತದೆ. ಒಳಗಿನ ದಪ್ಪ ಪರದೆ ಬಿಸಿಲಿನ ಕಣ್ಣುಕುಕ್ಕು ತಡೆಯುತ್ತದೆಯೇ ಹೊರತು ಬಿಸಿಯನ್ನಲ್ಲ. ಗಾಜು ದಾಟಿ ಬಂದ ಬಿಸಿ ಪರದೆಯನ್ನು ಕಾಯಿಸಿ ಒಳಗೇ ಉಳಿಯುತ್ತದೆ. ಗಾಳಿಯೂ ಹೋಯಿತು.

ಗೋಡೆಗೇ ನೆರಳು ಕೊಡಲು ಬಳ್ಳಿ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ತಂತಿ ಕಟ್ಟಿ ತೊಂಡೆ, ಶಂಖಪುಷ್ಪ, ಪ್ಯಾಶನ್ ಫ್ರೂಟ್ ಹಬ್ಬಿಸಿ. ಜನವರಿಯಲ್ಲಿ ನೆಟ್ಟರೆ ಏಪ್ರಿಲ್‌ಗೆ ಅಷ್ಟಿಷ್ಟು ನೆರಳು ಬಂದಿರುತ್ತದೆ. ಬಸಳೆ ಚಪ್ಪರ ಹೇಗೂ ಹಾಕುವವರು ಅದನ್ನು ಪಡುವಣ ಕಿಟಕಿಯ ಎದುರಿಗೇ ಹಾಕಿದರಾಯಿತು. ಬಳ್ಳಿಯನ್ನು ಗೋಡೆಗೇ ಹತ್ತಿಸಬೇಡಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಸಂದಿಗೆ ಬೇರು ಇಳಿದರೆ ಮಳೆಗಾಲದಲ್ಲಿ ತೇವ ಒಳಗೆ ಬರುತ್ತದೆ.

ಹಂತ 4: ಗಾಳಿಯ ದಾರಿ

ಹಗಲು ಗಾಳಿ ಕಡಲಿನಿಂದ ನೆಲಕ್ಕೆ, ರಾತ್ರಿ ಕಳೆದಂತೆ ನೆಲದಿಂದ ಕಡಲಿಗೆ. ಪಡುವಣ-ಮೂಡಣ ಎರಡೂ ಕಡೆ ತೆರೆದ ಮನೆಗೆ ಎರಡರ ಲಾಭವೂ ಸಿಗುತ್ತದೆ. ಒಂದೇ ಗೋಡೆಯಲ್ಲಿ ಎಷ್ಟು ಕಿಟಕಿ ಇದ್ದರೂ ಗಾಳಿ ಒಳಗೆ ಬರುವುದಿಲ್ಲ, ಹೋಗಲು ದಾರಿ ಇದ್ದರಷ್ಟೇ ಬರುತ್ತದೆ.

ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ, ವಾಸದ ಮನೆಗಳ ನಿಯಮಾವಳಿಯಾದ ಇಕೋ ನಿವಾಸ್ ಸಂಹಿತೆ ಸೆಕೆ ಮತ್ತು ತೇವದ ಪ್ರದೇಶಗಳಿಗೆ ಹೇಳುವುದು, ತೆರೆಯಬಹುದಾದ ಕಿಟಕಿ-ಬಾಗಿಲ ಜಾಗ ನೆಲದ ವಿಸ್ತೀರ್ಣದ ಶೇ 16.66, ಅಂದರೆ ಆರನೇ ಒಂದು ಭಾಗ ಇರಬೇಕೆಂದು. 10x12 ಅಡಿಯ ಕೋಣೆಗೆ 20 ಚದರಡಿ. ಲೆಕ್ಕ ತಪ್ಪುವುದು ‘ತೆರೆಯಬಹುದಾದ’ ಎಂಬಲ್ಲಿ. 4x4 ಅಡಿಯ ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿ ತೆರೆಯುವುದು ಬರೀ 8 ಚದರಡಿ. ಅದೇ ಅಳತೆಯ ಹೊರಗೆ ತೆರೆಯುವ ಕದದ ಕಿಟಕಿಗೆ ಹೆಚ್ಚುಕಡಿಮೆ ಪೂರ್ತಿ 16. ಕರಾವಳಿಯಲ್ಲಿ ಸ್ಲೈಡಿಂಗ್ ಕಿಟಕಿ ಹಾಕಿಸುವುದು ಕಿಟಕಿಗೆ ಕೊಟ್ಟ ದುಡ್ಡಿನಲ್ಲಿ ಅರ್ಧವನ್ನು ಗೋಡೆಗೆ ಕೊಟ್ಟಂತೆ. ಕದವನ್ನು ನಡುವೆ ಕತ್ತರಿಸಿ ಮೇಲೊಂದು ಕೆಳಗೊಂದು ಮಾಡಿಸಿದರೆ ಮಳೆ ಬಂದಾಗ ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದಿಡಬಹುದು.

ಕಿಟಕಿಯ ತಳ ನೆಲದಿಂದ ಎರಡಡಿಗೆ ಬರಲಿ. ಸಾಮಾನ್ಯವಾಗಿ ಇಡುವ ಮೂರು-ಮೂರೂವರೆ ಅಡಿಯಲ್ಲಿ ಗಾಳಿ ಮಲಗಿದವರ ತಲೆ ಮೇಲೆ ಹಾದುಹೋಗುತ್ತದೆ. ಗ್ರಿಲ್ ಗಟ್ಟಿಯಿರಲಿ, ಮಕ್ಕಳಿರುವ ಮನೆಯಲ್ಲಿ ಸರಳುಗಳ ಸಂದು ನಾಲ್ಕಿಂಚಿಗಿಂತ ಕಡಿಮೆಯಿರಲಿ. ಒಳಬಾಗಿಲುಗಳ ಮೇಲೆ ಒಂದಡಿ ಎತ್ತರದ ಜಾಲಿ (ಗಾಳಿ ಹೋಗುವ ತೂತಿನ ತೆರಪು) ಬಿಡಿ. ರಾತ್ರಿ ಬಾಗಿಲು ಹಾಕಿ ಮಲಗಿದರೂ ಗಾಳಿ ಹೊರಹೋಗುತ್ತದೆ. ಇಡೀ ಪಟ್ಟಿಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಕೊಡುವುದು ಬೇರೊಂದಿಲ್ಲ, ಆದರೂ ಯಾರೂ ಮಾಡಿಸುವುದಿಲ್ಲ.

ಸೊಳ್ಳೆ ಜಾಲರಿ ಬಿಡಲಾಗದು, ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿ ಎರಡರ ಕಾಟವೂ ಇದೆ. ಜಾಲರಿ ಗಾಳಿಯನ್ನು ಗಣನೀಯವಾಗಿ ತಡೆಯುತ್ತದೆ, ಧೂಳು ತುಂಬಿದರಂತೂ ಇನ್ನೂ ಹೆಚ್ಚು. ತಿಂಗಳಿಗೊಮ್ಮೆ ತೊಳೆಯಲು ಬರುವಂತೆ ಮ್ಯಾಗ್ನೆಟ್ ಅಥವಾ ವೆಲ್ಕ್ರೊ ಚೌಕಟ್ಟಿನದನ್ನು ಆರಿಸಿ.

ಬಿಸಿಗಾಳಿ ಮೇಲೇರಿ ಹೋಗಲೆಂದು ಗೋಪುರ, ಚಿಮಣಿ ಕಟ್ಟುವ ಯೋಜನೆಗಳನ್ನು ಕೆಲವರು ತೋರಿಸುತ್ತಾರೆ. ಒಳ-ಹೊರ ಉಷ್ಣಾಂಶದ ಅಂತರ ಎರಡು ಮೂರು ಡಿಗ್ರಿಯಷ್ಟೇ ಇರುವ ಊರಿನಲ್ಲಿ ಅದರ ಎಳೆತ ದುರ್ಬಲ. ಮೆಟ್ಟಿಲಿನ ಮೇಲ್ಕೋಣೆಯ ಎರಡು ಎದುರು ಗೋಡೆಗಳಲ್ಲಿ ಓರೆಪಟ್ಟಿಯ ಕಿಟಕಿ ಇಟ್ಟರೆ ಸಾಕು.

ಹಂತ 5: ಫ್ಯಾನ್

ಫ್ಯಾನ್ ಕೋಣೆಯನ್ನು ತಣಿಸುವುದಿಲ್ಲ, ಮನುಷ್ಯರನ್ನು ತಣಿಸುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಮೈಗೆ ತಾಗಿದರೆ ಉಷ್ಣಾಂಶ ಎರಡು-ಮೂರು ಡಿಗ್ರಿ ಇಳಿದ ಹಾಗೆ ಅನ್ನಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನ್ ವಿದ್ಯುತ್ತನ್ನು ತಿಂದು ಒಂದಿಷ್ಟು ಬಿಸಿಯನ್ನೇ ಸೇರಿಸುತ್ತದೆ. ರೆಕ್ಕೆಗಳು ನೆಲದಿಂದ ಎಂಟರಿಂದ ಒಂಬತ್ತಡಿ ಎತ್ತರದಲ್ಲಿರಬೇಕು, ಸ್ಲ್ಯಾಬಿನಿಂದ ಒಂದಡಿಯಾದರೂ ಕೆಳಗಿರಬೇಕು. ಸ್ಲ್ಯಾಬಿಗೆ ಅಂಟಿದಂತಿದ್ದರೆ ಗಾಳಿ ಎಳೆದುಕೊಳ್ಳಲು ಜಾಗ ಸಾಲದು. ಕೋಣೆಯ ನಡುವಿಗಿಂತ ಮಂಚದ ನೇರ ಮೇಲೆ ಬರಲಿ, ಸೆಂಟ್ರಿಂಗ್ ಹಂತದಲ್ಲೇ ಕೊಕ್ಕೆಯ ಜಾಗ ಗುರುತು ಮಾಡಿ. 12x12 ಅಡಿಗಿಂತ ದೊಡ್ಡ ಕೋಣೆಗೆ 1400 ಮಿಲಿಮೀಟರ್‌ನದು ಅಥವಾ ಎರಡು. ಹಳೆಯ ಫ್ಯಾನ್ ಸುಮಾರು 70-75 ವ್ಯಾಟ್ ತಿನ್ನುವಲ್ಲಿ ಬಿಎಲ್‌ಡಿಸಿ (ಬ್ರಷ್ ಇಲ್ಲದ ಮೋಟಾರಿನ) ಫ್ಯಾನ್ 30ರ ಆಸುಪಾಸಿನಲ್ಲಿ ಮುಗಿಸುತ್ತದೆ. ದಿನಕ್ಕೆ 14 ಗಂಟೆ ಓಡಿದರೆ ತಿಂಗಳಿಗೆ ಫ್ಯಾನ್ ಒಂದಕ್ಕೆ 17-18 ಯೂನಿಟ್ ಉಳಿತಾಯ.

ಹಂತ 6: ಅಂಗಳ

ಪಡುವಣ ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಸಿದ ಮನೆಯಲ್ಲಿ ಕಡಲ ಗಾಳಿ ಕಾದ ಕಲ್ಲಿನ ಮೇಲೆ ಹಾದು ಬಿಸಿಯಾಗಿಯೇ ಒಳಬರುತ್ತದೆ. ವಾಹನದ ಚಕ್ರ ಹೋಗುವಷ್ಟಕ್ಕೆ ಕಲ್ಲು ಉಳಿಸಿ, ಉಳಿದದ್ದನ್ನು ಕಿತ್ತು ಹುಲ್ಲು ಅಥವಾ ನೆಲ ಮುಚ್ಚುವ ಗಿಡ ಹಾಕಿ. ಕಿತ್ತು ಹಾಕಲು ಮನಸ್ಸಿಲ್ಲದಿದ್ದರೆ ಬೇಸಗೆಯ ಮೂರು ತಿಂಗಳು ತೆಂಗಿನ ಮಡಲಿನ ಚಪ್ಪರ. ಮರ ನೆಡುವುದಾದರೆ ಕೆಳಗಿನ ಕೊಂಬೆ ಕಡಿದು ಎತ್ತರಕ್ಕೆ ಬೆಳೆಸಿ: ನೆರಳು ಮಾಡಿನ ಮೇಲೆ ಬೀಳಬೇಕು, ಗಾಳಿ ಕಾಂಡದ ಬದಿಯಿಂದ ಬರಬೇಕು. ಹಲಸು, ಮಾವು ಗೋಡೆಯಿಂದ 20 ಅಡಿ ದೂರವಿರಲಿ. ಒತ್ತಾದ ಬೇಲಿಗಿಡ ಕಿಟಕಿಯ ಎದುರು ಬೇಡ.

ಹಂತ 7: ತೇವ

ಜೂನ್‌ನಿಂದ ಸೆಪ್ಟೆಂಬರ್ ಬಿಸಿಲಿನ ತೊಂದರೆ ಇಲ್ಲ, ಬೂಷ್ಟಿನದು. ಅಡುಗೆಮನೆಗೆ 9 ಇಂಚಿನ, ಬಚ್ಚಲಿಗೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್. ಹಬೆ ಹುಟ್ಟುವಾಗ ಮತ್ತು ಆಮೇಲೆ ಕಾಲು ಗಂಟೆ ಓಡಲಿ. ಎದುರು ಬದಿಯಲ್ಲಿ ಗಾಳಿ ಒಳಬರಲು ಸಂದಿಲ್ಲದಿದ್ದರೆ ಅದು ಬರೀ ಸದ್ದು ಮಾಡುತ್ತದೆ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯ ಫ್ಯಾನಿನಡಿ ಒಣಹಾಕಿದರೆ ಬಟ್ಟೆ ಬಿಟ್ಟ ಅಷ್ಟೂ ನೀರು ಕೋಣೆಯ ಗಾಳಿಗೆ ಸೇರುತ್ತದೆ. ತಾರಸಿಯ ಶೀಟಿನಡಿಯೇ ಅದಕ್ಕೆ ಜಾಗ. ಮುರಕಲ್ಲಿನ ಗೋಡೆ ಮಳೆನೀರು ಹೀರುವಂಥದ್ದು, ಪಡುವಣಕ್ಕೆ ಗಾರೆ ಇಲ್ಲದೆ ಬಿಡಬೇಡಿ. ಬೀರುಗಳನ್ನು ಹೊರಗೋಡೆಯಿಂದ ಎರಡಿಂಚು ದೂರ ಇಡಿ.

ಹಂತ 8: ಹೊಸದಾಗಿ ಕಟ್ಟಿಸುವವರಿಗೆ

ವಾಸ್ತು ನೋಡಿ ಯಜಮಾನರ ಕೋಣೆಯನ್ನು ನೈಋತ್ಯದಲ್ಲಿ, ಅದೂ ಮೇಲ್ಮಹಡಿಯಲ್ಲಿ ಇಡುವುದು ವಾಡಿಕೆ. ಬಿಸಿಲಿನ ಲೆಕ್ಕದಲ್ಲಿ ಅದು ಮನೆಯ ಅತಿ ಸೆಕೆಯ ಕೋಣೆ: ತಾರಸಿ, ಪಡುವಣ ಗೋಡೆ ಎರಡೂ ಅದಕ್ಕೇ. ದಿಕ್ಕು ಬದಲಿಸಲು ಒಪ್ಪದಿದ್ದರೆ ಪಡುವಣಕ್ಕೆ ಬಾಲ್ಕನಿ, ಮೇಲೆ ಹಂಚಿನ ಮಾಡು, ಎರಡನ್ನೂ ನಕ್ಷೆಯಲ್ಲೇ ಸೇರಿಸಿ. ಮೆಟ್ಟಿಲು, ಬಚ್ಚಲು, ಸ್ಟೋರ್ ಇವು ಪಡುವಣದ ಬಿಸಿ ತಡೆಯಲು ಒಳ್ಳೆಯವು, ಆದರೆ ಸಾಲಾಗಿ ಇಟ್ಟು ಗಾಳಿಯನ್ನು ಪೂರ್ತಿ ಕಟ್ಟಿಹಾಕಬೇಡಿ. ಪಡುವಣ ಮುಖದ ಅರ್ಧವಾದರೂ ಜಗಲಿಯಾಗಿ ತೆರೆದಿರಲಿ. ಕೋಣೆಯ ಎತ್ತರ ಹತ್ತಡಿ ಸಾಕು. ಹನ್ನೆರಡಕ್ಕೆ ಏರಿಸಲು ಖರ್ಚಾಗುವ ದುಡ್ಡು ತಾರಸಿಯ ಪದರಕ್ಕೆ ಹೋದರೆ ಹೆಚ್ಚು ತಂಪು.

ಹಂತ 9: ಆಮೇಲೂ ಎಸಿ ಬೇಕಿದ್ದರೆ

ಹಿರಿಯರು, ಕಾಯಿಲೆಯವರು ಇರುವ ಮನೆಯಲ್ಲಿ ಒಂದು ಕೋಣೆಗೆ ಬೇಕಾಗಬಹುದು. ತಾರಸಿ, ಪಡುವಣ ಸರಿಮಾಡಿದ 10x12ರ ಕೋಣೆಗೆ 1 ಟನ್ ಇನ್ವರ್ಟರ್ ಎಸಿ ಸಾಕು. ಇರಲಿ ಎಂದು ಒಂದೂವರೆ ಟನ್ ಹಾಕಿಸಿದರೆ ಅದು ಬೇಗ ತಣ್ಣಗೆ ಮಾಡಿ ನಿಧಾನಿಸುತ್ತದೆ, ಗಾಳಿಯ ನೀರನ್ನು ಹಿಂಡಲು ಸಮಯ ಸಿಗುವುದಿಲ್ಲ, ಕೋಣೆ ತಣ್ಣಗೂ ಇದ್ದು ಜಿಗುಟಾಗಿಯೂ ಇರುತ್ತದೆ. 26-27ಕ್ಕೆ ಇಟ್ಟು ಫ್ಯಾನ್ ನಿಧಾನವಾಗಿ ತಿರುಗಿಸಿ. ಮಳೆಗಾಲದಲ್ಲಿ ತೇವ ಎಳೆಯುವ ಡ್ರೈ ಮೋಡ್. ಸದಾ 20ಕ್ಕೆ ಇಡುವ ಕೋಣೆಯ ಗೋಡೆಯ ಆಚೆ ಬದಿಯಲ್ಲಿ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ, ಪೇಂಟರ್‌ಗೆ ಅದು ಸೋರಿಕೆಯಂತೆ ಕಾಣುತ್ತದೆ.

ಹೊರಗಿನ ಯಂತ್ರವನ್ನು ಪಡುವಣ ಗೋಡೆಗೆ ತೂಗುಹಾಕಬೇಡಿ. ಬಡಗು ಅಥವಾ ಮೂಡಣ ಗೋಡೆಯ ನೆರಳಿನಲ್ಲಿ, ಮುಂಭಾಗ ಮೂರಡಿ ತೆರವಾಗಿ ಇರಲಿ. ಪೆಟ್ಟಿಗೆ ಮಾಡಿ ಮುಚ್ಚಿದರೆ ಅದು ತಾನು ಉಗುಳಿದ ಬಿಸಿಯನ್ನೇ ಮತ್ತೆ ಉಸಿರಾಡುತ್ತದೆ. ಕಡಲಿಗೆ ಹತ್ತಿರವಿದ್ದರೆ ಲೇಪವಿರುವ ತಾಮ್ರದ ಕಾಯಿಲ್ ಕೇಳಿ ಪಡೆಯಿರಿ, ಮಾರ್ಚ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ಸಿಹಿನೀರು ಸಣ್ಣಗೆ ಬಿಟ್ಟು ಉಪ್ಪು ತೊಳೆಯಿರಿ. ಸ್ವಿಚ್ ಆರಿಸಿಯೇ ತೊಳೆಯಿರಿ, ಒತ್ತಡದ ಪಂಪ್ ಬೇಡ, ತೆಳ್ಳನೆಯ ರೆಕ್ಕೆಗಳು ಮಡಚಿಹೋಗುತ್ತವೆ.